ಸೈಕಲ್‌ಗೆ ಎಷ್ಟು ಜಾಗ ಬೇಕು?

"ಏಯ್, ಸೈಡಿಗೆ ಹೋಗೋ!"

ಹುಣಸೂರಿನ ಕಡೆ ಸೈಕಲ್ ತುಳಿದವರಿಗೆಲ್ಲ ಈ ಮಾತು ಬಾಯಿಪಾಠ. ಮೊದಲು ಹಿಂದಿನಿಂದ ಹಾರನ್, ಆಮೇಲೆ ಈ ಬೈಗುಳ, ಆಮೇಲೆ ಮುಖಕ್ಕೆ ಧೂಳು. ನಾವು ಮೂವರು ಒಂದೇ ಬೀದಿಯವರು. ಹೈಸ್ಕೂಲಿನ ಮೂರು ವರ್ಷ ಈ ಧೂಳು ಕುಡಿದುಕೊಂಡೇ ಟ್ಯೂಷನ್‌ಗೆ ಹೋಗಿ ಬಂದವರು. ಈಗ ರಜೆಗೆ ಊರಿಗೆ ಹೋದರೆ ಓಡಿಸೋದು ಅಪ್ಪನ ಬೈಕು. ಹೋದ ರಜೆಯಲ್ಲಿ ಕೆ.ಆರ್. ನಗರ ರಸ್ತೆಯಲ್ಲಿ ಮುಂದೆ ಒಬ್ಬ ಹುಡುಗ ಸೈಕಲ್ ತುಳೀತಿದ್ದ. ನಾವೂ ಹಾರನ್ ಹೊಡೆದು "ಸೈಡಿಗೆ ಹೋಗೋ" ಅಂದೆವು. ಅಂದಮೇಲೆ ನಾಚಿಕೆ ಆಯ್ತು.

ಅದೇ ದಿನ ಸಂಜೆ ನಮ್ಮಲ್ಲೊಬ್ಬನ ತಂಗಿ ಸೈಕಲ್ ಬೇಕು ಅಂತ ಹಟ ಹಿಡಿದಿದ್ದಳು. ಒಂಬತ್ತನೇ ಕ್ಲಾಸು. ಅಮ್ಮ ಸುತಾರಾಂ ಬೇಡ ಅಂದರು. "ನೀವೇ ಹೇಳ್ರಪ್ಪಾ, ಆ ರೋಡಲ್ಲಿ ಇವಳನ್ನ ಕಳಿಸೋಕಾಗುತ್ತಾ?" ಅಂತ ನಮ್ಮನ್ನೇ ಕೇಳಿದರು. ನಮ್ಮ ಹತ್ರ ಉತ್ತರ ಇರಲಿಲ್ಲ. ಉತ್ತರ ಕೊಡೋಕೆ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ಈ ಲೇಖನ ಆ ಲೆಕ್ಕ.

ರಸ್ತೆಯ ಅಗಲ

ನಮ್ಮ ಕಡೆಯ ಸಾಮಾನ್ಯ ಎರಡು ಲೇನಿನ ರಸ್ತೆಯ ಡಾಂಬರು 7 ಮೀಟರ್ ಅಗಲ. ಅಂದರೆ ಹೋಗೋಕೆ 3.5, ಬರೋಕೆ 3.5. ಬಸ್ಸು, ಲಾರಿಗಳ ಅಗಲ 2.6 ಮೀಟರ್‌ವರೆಗೆ ಇರಬಹುದು. ಸೈಕಲ್ ಹ್ಯಾಂಡಲ್ ಟೇಪ್ ಹಿಡಿದು ಅಳೆದೆವು, 60 ಸೆಂಟಿಮೀಟರ್ ಆಸುಪಾಸು ಬಂತು. ಆದರೆ ಸೈಕಲ್ ಯಾವತ್ತೂ ನೇರ ಗೆರೆಯಲ್ಲಿ ಹೋಗಲ್ಲ, ಆ ಕಡೆ ಈ ಕಡೆ 20 ಸೆಂಟಿಮೀಟರ್ ವಾಲಾಡುತ್ತಲೇ ಇರುತ್ತೆ. ಹಾಗಾಗಿ ಅದಕ್ಕೆ 1 ಮೀಟರ್ ಬೇಕು. ಡಾಂಬರಿನ ಅಂಚಿನಿಂದ 30 ಸೆಂಟಿಮೀಟರ್ ಬಿಡೋಣ. ಸೈಕಲ್‌ಗೂ ಬಸ್ಸಿಗೂ ನಡುವೆ ಕನಿಷ್ಠ 1 ಮೀಟರ್ ಇರಲಿ.

ಈಗ ಕೂಡಿಸಿ: 0.3 + 1 + 1 + 2.6 = 4.9 ಮೀಟರ್. ಲೇನ್ ಇರೋದು 3.5. ಅಂದರೆ ಸೈಕಲ್‌ನ ಸರಿಯಾಗಿ ಓವರ್‌ಟೇಕ್ ಮಾಡಬೇಕಾದರೆ ಬಸ್ಸು ಮಧ್ಯದ ಗೆರೆ ದಾಟಿ 1.4 ಮೀಟರ್ ಎದುರಿನ ಲೇನಿಗೆ ಹೋಗಲೇಬೇಕು. ಆಗ ಎದುರಿನವರಿಗೆ ಉಳಿಯೋದು 2.1 ಮೀಟರ್. ಇನ್ನೊಂದು ಬಸ್ಸು ಅದರಲ್ಲಿ ಹಿಡಿಯಲ್ಲ.

ಹಾಗಾದರೆ ಎದುರಿಗೆ ಗಾಡಿ ಬರ್ತಿರುವಾಗ ಸೈಕಲ್‌ನ ಓವರ್‌ಟೇಕ್ ಮಾಡೋಕೆ ಜಾಗವೇ ಇಲ್ಲ ಅಂತಾಯ್ತು. ಡ್ರೈವರ್ ಮುಂದೆ ಇರೋದು ಎರಡೇ ದಾರಿ. ಒಂದು, ಹಿಂದೆ ಕಾಯೋದು. ಇನ್ನೊಂದು, ಆ 1 ಮೀಟರ್ ಅಂತರವನ್ನು ಸೈಕಲ್‌ನವನಿಂದ ಕಿತ್ತುಕೊಳ್ಳೋದು. "ಸೈಡಿಗೆ ಹೋಗೋ" ಅನ್ನೋದರ ನಿಜವಾದ ಅರ್ಥ ಈ ಎರಡನೆಯದು.

ಕಾದರೆ ಎಷ್ಟು ಹೊತ್ತು ಹೋಗುತ್ತೆ? ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿ 100 ಮೀಟರ್ ದಾಟೋಕೆ 24 ಸೆಕೆಂಡ್ ಬೇಕು. 50 ಕಿ.ಮೀ. ವೇಗದ ಬಸ್ಸಿಗೆ 7 ಸೆಕೆಂಡ್ ಸಾಕು. ವ್ಯತ್ಯಾಸ 17 ಸೆಕೆಂಡ್. ಇಷ್ಟಕ್ಕೆ ಇಷ್ಟೆಲ್ಲ ಜಗಳ.

ಅಂಚಿಗೆ ಸರಿದರೆ ಏನಾಗುತ್ತೆ

ನಮ್ಮಲ್ಲೊಬ್ಬ ಎಂಟನೇ ಕ್ಲಾಸಿನಲ್ಲಿ ಹೀಗೇ ಬಿದ್ದಿದ್ದ. ಹಿಂದೆ ಬಸ್ಸಿನ ಹಾರನ್ ಕೇಳಿ ಪೂರ್ತಿ ಎಡಕ್ಕೆ ಸರಿದ. ಮುಂದಿನ ಚಕ್ರ ಡಾಂಬರಿನಿಂದ ಮಣ್ಣಿಗೆ ಇಳಿಯಿತು. ಮತ್ತೆ ಮೇಲೆ ಹತ್ತಿಸೋಕೆ ಹೋಗಿ ಬಲಕ್ಕೆ ಬಿದ್ದ, ಬಸ್ಸಿನ ಕಡೆಗೇ. ಹಿಂದಿನ ಚಕ್ರ ಅವನ ತಲೆಯಿಂದ ಒಂದು ಗೇಣು ದೂರದಲ್ಲಿ ಹೋಯಿತು. ಮೊಣಕೈಗೆ ಆರು ಹೊಲಿಗೆ. ಬಸ್ಸು ಅವನಿಗೆ ತಾಗಿರಲಿಲ್ಲ, ಅದಕ್ಕೆ ಅಲ್ಲಿದ್ದವರೆಲ್ಲ "ಅವನಾಗೇ ಬಿದ್ದ" ಅಂದರು. ಮನೆಯಲ್ಲೂ ಅದನ್ನೇ ಅಂದರು. ಅವನೂ ನಂಬಿಕೊಂಡಿದ್ದ.

ಅವನು ಯಾಕೆ ಬಿದ್ದ ಅಂತ ನಮಗೆ ಗೊತ್ತಾಗಿದ್ದು ಈಗ. ಸೈಕಲ್ ಬಲಕ್ಕೆ ತಿರುಗಬೇಕಾದರೆ ಮುಂದಿನ ಚಕ್ರ ಮೊದಲು ಒಂದು ಚೂರು ಎಡಕ್ಕೆ ಹೋಗಬೇಕು. ಆಗ ಸವಾರನ ಭಾರ ಬಲಕ್ಕೆ ವಾಲುತ್ತೆ, ಆಮೇಲೆ ಹ್ಯಾಂಡಲ್ ಬಲಕ್ಕೆ ತಿರುಗುತ್ತೆ. ನಾವೆಲ್ಲ ಇದನ್ನ ಗೊತ್ತಿಲ್ಲದೆಯೇ ಮಾಡ್ತೀವಿ. ನಂಬಿಕೆ ಬರದಿದ್ದರೆ ಖಾಲಿ ಮೈದಾನದಲ್ಲಿ ಸ್ವಲ್ಪ ವೇಗವಾಗಿ ಹೋಗ್ತಾ ಬಲಗೈಯಿಂದ ಹ್ಯಾಂಡಲ್ ಅನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿ. ಚಕ್ರ ಎಡಕ್ಕೆ ಹೊರಳುತ್ತೆ, ಸೈಕಲ್ ಮಾತ್ರ ಬಲಕ್ಕೆ ವಾಲುತ್ತೆ.

ಡಾಂಬರಿನ ಅಂಚಿನಲ್ಲಿ ಹೋಗುವವನಿಗೆ ಆ ಒಂದು ಚೂರು ಎಡ ಇರೋದೇ ಇಲ್ಲ. ಅಲ್ಲಿ ಎರಡು ಮೂರು ಇಂಚಿನ ತಗ್ಗು, ಮರಳು, ಜಲ್ಲಿ. ಚಕ್ರ ಕೆಳಗೆ ಇಳಿದ ಮೇಲೆ ಓರೆಯಾಗಿ ಹತ್ತಿಸಲು ಹೋದರೆ ಟೈರಿನ ಪಕ್ಕ ಅಂಚಿಗೆ ಉಜ್ಜುತ್ತೆ, ಚಕ್ರ ಹತ್ತಲ್ಲ, ಮೈ ಮಾತ್ರ ಬಲಕ್ಕೆ ಹೋಗುತ್ತೆ. ಬಸ್ಸು ಪಕ್ಕದಲ್ಲಿ ಹಾದುಹೋಗುವಾಗಿನ ಗಾಳಿ ಬೇರೆ ಸೈಕಲ್‌ನ ಅಲ್ಲಾಡಿಸುತ್ತೆ. ಹಾಗಾಗಿ "ಅಂಚಿಗೆ ಸರಿ" ಅನ್ನೋದು ಬುದ್ಧಿಮಾತಿನ ಹಾಗೆ ಕೇಳಿಸಿದರೂ ಬೀಳಿಸೋ ಮಾತು. ಅಂಚಿನಿಂದ ಅರ್ಧ ಮೀಟರ್ ಒಳಗೆ, ನೇರವಾಗಿ ಹೋಗೋದೇ ಹೆಚ್ಚು ಕ್ಷೇಮ. ಇದನ್ನ ಅವನಿಗೆ ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ತಪ್ಪಲ್ಲ ಅಲ್ವೇನ್ರೋ" ಅಂದ.

ವೇಗದ ಲೆಕ್ಕ

ಡ್ರೈವರ್‌ಗೆ ಅಪಾಯ ಕಂಡು ಬ್ರೇಕ್ ಮೇಲೆ ಕಾಲಿಡೋಕೆ ಸುಮಾರು 1 ಸೆಕೆಂಡ್ ಬೇಕು ಅಂದುಕೊಳ್ಳಿ. ಒಣ ರಸ್ತೆ, ಘರ್ಷಣೆಯ ಗುಣಾಂಕ 0.7. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲೋಕೆ ಬೇಕಾದ ದೂರ 8 + 5 = 13 ಮೀಟರ್. 60 ಕಿ.ಮೀ. ಆದರೆ 17 + 20 = 37 ಮೀಟರ್. ವೇಗ ಎರಡು ಪಟ್ಟು, ನಿಲ್ಲುವ ದೂರ ಸುಮಾರು ಮೂರು ಪಟ್ಟು, ಗುದ್ದಿದರೆ ಚಲನಶಕ್ತಿ ನಾಲ್ಕು ಪಟ್ಟು. ಸೈಕಲ್‌ನವರು, ನಡೆಯುವವರು, ಗಾಡಿಗಳು ಬೆರೆಯುವ ಕಡೆ ಮಿತಿ 30 ಕಿ.ಮೀ. ಇರಲಿ ಅಂತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇಂಥ ಲೆಕ್ಕದ ಮೇಲೆಯೇ.

ವೇಗ ತುಂಬಾ ಬೇರೆ ಇದ್ದರೆ ದಾರಿಯನ್ನೇ ಬೇರೆ ಮಾಡಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಎಲ್ಲವನ್ನೂ ನಿಷೇಧಿಸಿದ್ದಕ್ಕೂ ಕಾರಣ ಇದೇ. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಎರಡು ಲೇನಿನ ರಸ್ತೆಗಳಲ್ಲಿ ಮರದ ಲಾರಿ, ಹೊಗೆಸೊಪ್ಪಿನ ಟ್ರ್ಯಾಕ್ಟರ್, ಮಡಿಕೇರಿ ಕಡೆಯ ಟೂರಿಸ್ಟ್ ಕಾರು, ಸ್ಕೂಲ್ ಮಕ್ಕಳ ಸೈಕಲ್, ಎಲ್ಲಕ್ಕೂ ಅದೇ 7 ಮೀಟರ್.

ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರುಮಾಡಿತು. ನಾವು ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಸ್ಕೂಲಿನವರು, ನಮಗೆ ಸಿಗಲಿಲ್ಲ. ಆದರೆ ಸುತ್ತಲಿನ ಹಳ್ಳಿಗಳಿಂದ ಸಾಲಾಗಿ ಬರ್ತಿದ್ದ ಆ ಸೈಕಲ್‌ಗಳನ್ನ ದಿನಾ ನೋಡಿದ್ದೇವೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್‌ಗಳ ಟ್ರಿಣ್ ಟ್ರಿಣ್ ಬಂತು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಸೈಕಲ್ ಕೊಟ್ಟ ಹಾಗೆ ಸೈಕಲ್ ಹೋಗೋಕೆ ದಾರಿಯನ್ನೂ ಕೊಡಬೇಕಲ್ವಾ? ನೆದರ್ಲೆಂಡ್ಸ್ ಈಗ ಸೈಕಲ್‌ನ ದೇಶ. ಅಲ್ಲೂ 1971ರಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದರು. ಆಮೇಲೆ ಬಂದವು ಬೇರೆ ಸೈಕಲ್ ದಾರಿಗಳು.

ನಮ್ಮ ಕೈಲಾಗೋದು

ತಪ್ಪು ಸೈಕಲ್‌ನವರದ್ದೂ ಇದೆ. ನಾವೇ ಇಬ್ಬಿಬ್ಬರು ಅಕ್ಕಪಕ್ಕ ಮಾತಾಡ್ತಾ, ಇಯರ್‌ಫೋನ್ ಹಾಕಿಕೊಂಡು, ರಾಂಗ್ ಸೈಡಲ್ಲಿ ಹೋಗಿದ್ದೇವೆ. ರಾತ್ರಿ ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇರ್ತಿರಲಿಲ್ಲ. ಬಸ್ಸು, ಲಾರಿಯ ಎಡ ಮಗ್ಗುಲಿಗೆ ಅಂಟಿಕೊಂಡು ಹೋದರೆ ಬಲಗಡೆ ಕೂತ ಡ್ರೈವರ್‌ಗೆ ನಾವು ಕಾಣೋದೇ ಕಷ್ಟ. ಕಾರಿನವರು ಬಾಗಿಲನ್ನು ಎಡಗೈಯಿಂದ ತೆಗೆದರೆ ಮೈ ತಾನಾಗೇ ತಿರುಗಿ ಹಿಂದೆ ಬರುವ ಸೈಕಲ್ ಕಾಣುತ್ತೆ.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಅಪಘಾತವಾದರೆ ಗಾಡಿ ನಿಲ್ಲಿಸಿ ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಡ್ರೈವರ್‌ನ ಕರ್ತವ್ಯ. ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಗೊತ್ತಾಗದಿದ್ದರೂ, 2022ರ ಏಪ್ರಿಲ್ 1ರಿಂದ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರ ಇದೆ. ಸಹಾಯಕ್ಕೆ ಹೋದವರಿಗೂ ಕಾನೂನಿನ ರಕ್ಷಣೆ ಇದೆ.

ಅಮ್ಮನಿಗೆ ಇದನ್ನೆಲ್ಲ ಹಾಳೆಯಲ್ಲಿ ಬರೆದು ತೋರಿಸಿದೆವು. ಪೂರ್ತಿ ಒಪ್ಪಲಿಲ್ಲ. "ನಿಮ್ಮ ಲೆಕ್ಕ ಬಸ್ಸಿನವನಿಗೆ ಗೊತ್ತಿರಬೇಕಲ್ಲ" ಅಂದರು. ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ಕೊನೆಗೆ ಮೇನ್ ರೋಡು ಬಿಟ್ಟು ಒಳಬೀದಿಗಳಲ್ಲಿ ಹೋಗೋ ದಾರಿ ಹುಡುಕಿದೆವು. ಒಂದು ಕಿಲೋಮೀಟರ್ ಜಾಸ್ತಿ. ರಜೆ ಮುಗಿಯೋವರೆಗೂ ನಮ್ಮಲ್ಲೊಬ್ಬರು ಅವಳ ಹಿಂದೆ ಸೈಕಲ್ ತುಳಿದೆವು. ಈಗ ಒಬ್ಬಳೇ ಹೋಗ್ತಾಳೆ. ಆದರೆ ಒಂದು ಕಡೆ ಮೇನ್ ರೋಡಲ್ಲೇ 200 ಮೀಟರ್ ಹೋಗಬೇಕು, ಬೇರೆ ದಾರಿ ಇಲ್ಲ. ಅಲ್ಲಿ ಅವಳ ಹಿಂದೆ ಬರೋದು ನಮ್ಮಂಥವರೇ ಯಾರೋ. ಒಂದು ಅರ್ಧ ನಿಮಿಷ ಕಾಯಿರಿ, ಅಷ್ಟೇ.