ಹಳೆಯ ಗಣಕಯಂತ್ರದ ಆರಂಭಶಾಸನ

ಶ್ರೀನಿವಾಸಪುರದ ಮಾವಿನ ತೋಟದ ಲೆಕ್ಕ, ಮಾಲೂರಿನ ಹೆಂಚಿನ ವ್ಯಾಪಾರದ ಪಟ್ಟಿ, ಮುಳಬಾಗಿಲಿನ ಒಂದು ಮನೆತನದ ವಂಶವೃಕ್ಷ, ಕೋಲಾರದಿಂದ ಮಗಳಿಗೆಂದು ‘ಬರಹ’ ತಂತ್ರಾಂಶದಲ್ಲಿ ಕನ್ನಡದಲ್ಲಿಯೇ ಬರೆದ ಕಾಗದ—ಇಂಥವು ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರವನ್ನು ಸೇರಿ, ಯಂತ್ರವು ಅಟ್ಟವನ್ನೇರಿದ ಮೇಲೆ ಅಲ್ಲಿಯೇ ಉಳಿದುಹೋಗಿರಬಹುದು. ಅದನ್ನು ಗುಜರಿಯವನಿಗೆ ತೂಗಿ ಕೊಡುವುದಕ್ಕೆ ಮುಂಚೆ ಒಮ್ಮೆ ಎಚ್ಚರಿಸಿ ನೋಡುವುದು ಗೃಹಸ್ಥರಿಗೆ ಉಚಿತವಾದದ್ದು. ಆ ಎಚ್ಚರದ ಕ್ರಮವನ್ನು ವಿಧಿಸುವ ಪುಟ್ಟ ಶಾಸನವೊಂದುಂಟು. ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಆ ಕಾಲದ ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಮೈಕ್ರೋಸಾಫ್ಟ್ ಸಂಸ್ಥೆಯವರು 1995ರಲ್ಲಿ ಹೊರತಂದ ವಿಂಡೋಸ್ 95, ಇಲ್ಲವೆ 1998ರಲ್ಲಿ ಹೊರತಂದ ವಿಂಡೋಸ್ 98. ಇವೆರಡರಲ್ಲಿಯೂ ಆರಂಭಶಾಸನದ ಹೆಸರು ‘ಎಂಎಸ್‌ಡಾಸ್.ಸಿಸ್’. ಹಿಂದಿನ ಡಾಸ್ ವ್ಯವಸ್ಥೆಯಲ್ಲಿ ಈ ಹೆಸರಿನ ಕಡತವು ಯಂತ್ರಭಾಷೆಯಲ್ಲಿದ್ದು, ವ್ಯವಸ್ಥೆಯ ಒಂದು ಅಂಗವೇ ಆಗಿದ್ದಿತು. ವಿಂಡೋಸ್ 95ರಲ್ಲಿ ಆ ಕಾರ್ಯವು ‘ಐಓ.ಸಿಸ್’ ಎಂಬ ಕಡತದಲ್ಲಿ ಲೀನವಾಯಿತು. ಹಳೆಯ ಹೆಸರು ಮಾತ್ರ, ಮನುಷ್ಯರು ಓದಬಲ್ಲ ಕೆಲವೇ ಸಾಲುಗಳ ಬರಹಕ್ಕೆ ಸಂದಿತು.

ಈ ಬರಹಕ್ಕೆ ಎರಡು ಪ್ರಕರಣಗಳು. ಮೊದಲನೆಯದು ವಿಂಡೋಸಿನ ಸಾಮಗ್ರಿಯು ಎಲ್ಲಿದೆಯೆಂಬುದನ್ನು ತಿಳಿಸತಕ್ಕದ್ದು. ಇದರಲ್ಲಿ ವಿಳಾಸ ತಪ್ಪಿದರೆ ವ್ಯವಸ್ಥೆಯು ಏಳಲಾರದು. ಎರಡನೆಯದು ವಿಧಿಗಳದು, ಒಂದೊಂದು ವಿಧಿಯ ಮುಂದೆಯೂ ಒಂದೊಂದು ಅಂಕಿ. ‘ಬೂಟ್‌ಜಿಯುಐ’ ಎಂಬಲ್ಲಿ 1 ಇದ್ದರೆ ಚಿತ್ರಮಯವಾದ ವಿಂಡೋಸ್ ತೆರೆಯುವುದು. 0 ಇದ್ದರೆ ಕರಿಯ ಪರದೆಯ ಡಾಸ್ ಬಳಿಯೇ ಯಂತ್ರವು ನಿಲ್ಲುವುದು. ‘ಬೂಟ್‌ಮೆನು’ವಿಗೆ 1 ಕೊಟ್ಟರೆ ಯಾವ ರೀತಿಯಲ್ಲಿ ಏಳಬೇಕೆಂದು ಅದು ಯಜಮಾನನನ್ನೇ ಕೇಳುವುದು; ಆ ಪಟ್ಟಿಯು ಎಷ್ಟು ಸೆಕೆಂಡು ಕಾಯಬೇಕೆಂಬುದನ್ನು ‘ಬೂಟ್‌ಮೆನುಡಿಲೇ’ ಹೇಳುವುದು. ‘ಲೋಗೋ’ ಎಂಬುದನ್ನು 0 ಮಾಡಿದರೆ ಆರಂಭದ ಮೋಡದ ಚಿತ್ರವು ಮರೆಯಾಗುವುದು. ‘ಬೂಟ್‌ಕೀಸ್’ 0 ಆದರೆ ಎಫ್5, ಎಫ್8 ಮೊದಲಾದ ಗುಂಡಿಗಳು ಆರಂಭಕಾಲದಲ್ಲಿ ಕೆಲಸ ಮಾಡವು. ಕೆಟ್ಟ ಯಂತ್ರವನ್ನು ರಕ್ಷಣಾರೀತಿಯಲ್ಲಿ ಎಬ್ಬಿಸುವ ಹಿಂಬಾಗಿಲೇ ಮುಚ್ಚಿದಂತಾಗುವುದು.

ನಮ್ಮ ಸೀಮೆಯವರು ಮುಖ್ಯವಾಗಿ ಗಮನಿಸತಕ್ಕದ್ದು ‘ಆಟೋಸ್ಕ್ಯಾನ್’ ಎಂಬ ವಿಧಿ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುಬಂದಿದ್ದರೂ, ಮನೆಗಳಲ್ಲಿ ಗಣಕವು ಕಾಲಿಟ್ಟ ದಿನಗಳಲ್ಲಿ ಅದು ಹೇಳದೆ ಕೇಳದೆ ನಿಂತುಹೋಗುತ್ತಿದ್ದುದನ್ನು ಯಾರು ತಾನೆ ಮರೆತಾರು! ಗಣಕದ ತಟ್ಟೆಯಲ್ಲಿ ಬರಹವು ಅನೇಕ ಕೋಶಗಳಲ್ಲಿ ಹಂಚಿಹೋಗಿರುತ್ತದೆ. ಯಾವ ಕೋಶವು ಯಾವ ಕಡತದ್ದೆಂಬುದಕ್ಕೆ ಬೇರೊಂದು ಸೂಚಿಯಿರುತ್ತದೆ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಸೂಚಿಗೂ ಕೋಶಗಳಿಗೂ ಹೊಂದಿಕೆ ತಪ್ಪುವುದು. ‘ಸ್ಕ್ಯಾನ್‌ಡಿಸ್ಕ್’ ಎಂಬುದು ಮರುಸಲ ಯಂತ್ರವು ಎದ್ದಾಗ ಈ ಹೊಂದಿಕೆಯನ್ನು ಪರೀಕ್ಷಿಸಿ, ಒಡೆಯನಿಲ್ಲದ ತುಣುಕುಗಳನ್ನು ‘ಫೈಲ್0000.ಸಿಎಚ್‌ಕೆ’ ಎಂಬಂತಹ ಹೆಸರಿನಲ್ಲಿ ಎತ್ತಿಡಬಲ್ಲದು. ವಿಂಡೋಸ್ 98ರಲ್ಲಿ ಆಟೋಸ್ಕ್ಯಾನ್ 1 ಇದ್ದರೆ ಕೇಳಿ ಪರೀಕ್ಷೆ, 2 ಇದ್ದರೆ ಕೇಳದೆಯೇ ಪರೀಕ್ಷೆ, 0 ಇದ್ದರೆ ಪರೀಕ್ಷೆಯೇ ಇಲ್ಲ. ನಾಲ್ಕಾರು ನಿಮಿಷ ಕಾಯಲಾರದ ತರುಣರು 0 ಬರೆದಿಟ್ಟ ಮನೆಗಳಲ್ಲಿ ತಪ್ಪಿನ ಮೇಲೆ ತಪ್ಪು ಕೂಡುತ್ತ ಹೋಗಿ, ಕಡೆಗೊಂದು ದಿನ ಲೆಕ್ಕದ ಕಡತವೇ ತೆರೆಯದಂತಾಗುವುದು. ಉಳಿಸಿದ್ದು ನಿಮಿಷ, ಕಳೆದದ್ದು ವರ್ಷಗಳ ಲೆಕ್ಕ.

ಈ ಕಡತದಲ್ಲಿ ಇನ್ನೊಂದು ವಿಚಿತ್ರವುಂಟು. ಅದರಲ್ಲಿ ‘ಎಕ್ಸ್’ ಎಂಬ ಅಕ್ಷರವನ್ನೇ ಸಾಲುಸಾಲಾಗಿ ತುಂಬಿಟ್ಟಿರುವರು. ಅರ್ಥವಿಲ್ಲವೆಂದು ಅಳಿಸಿಬಿಡಲು ಯಾರಿಗಾದರೂ ಕೈ ತುರಿಸೀತು. ಆದರೆ ಹಳೆಯ ಕೆಲವು ತಂತ್ರಾಂಶಗಳು ಈ ಹೆಸರಿನ ಕಡತವು 1024 ಬೈಟುಗಳಿಗಿಂತ ದೊಡ್ಡದಾಗಿರಬೇಕೆಂದು ನಿರೀಕ್ಷಿಸುತ್ತಿದ್ದವು. ಅವುಗಳ ಸಲುವಾಗಿ ಈ ತುಂಬಿಕೆ. ಸಂಸ್ಕೃತ ಶ್ಲೋಕಗಳಲ್ಲಿ ‘ತು’, ‘ಹಿ’, ‘ಚ’ ಎಂಬ ಅವ್ಯಯಗಳು ಕೆಲವೆಡೆ ಕೇವಲ ಪಾದಪೂರಣಕ್ಕಾಗಿ ಬರುವುದಿಲ್ಲವೆ? ಅವಕ್ಕೆ ಅಲ್ಲಿ ಬೇರೆ ಅರ್ಥವಿಲ್ಲ. ಕಿತ್ತರೆ ಮಾತ್ರ ಛಂದಸ್ಸು ಕೆಡುವುದು. ಇಲ್ಲಿಯೂ ಹಾಗೆಯೇ. ನಮಗೆ ತಿಳಿಯದ್ದೆಲ್ಲವೂ ನಿರರ್ಥಕವೆಂದು ಬಗೆಯುವುದು ಅವಿವೇಕ.

ಇನ್ನು ಕರ್ತವ್ಯಕ್ರಮ. ತಟ್ಟೆಯು ಹಳೆಯದಾದ್ದರಿಂದ, ಸಾಧ್ಯವಾದರೆ ಬಲ್ಲ ರಿಪೇರಿಯವರಿಂದ ಅದನ್ನು ಹೊಸ ಯಂತ್ರಕ್ಕೆ ಜೋಡಿಸಿ, ಸಮಸ್ತವನ್ನೂ ಮೊದಲು ನಕಲು ಮಾಡಿಸಿಕೊಳ್ಳತಕ್ಕದ್ದು. ಆ ಬಳಿಕವೇ ಶಾಸನವನ್ನು ಮುಟ್ಟತಕ್ಕದ್ದು. ಅದು ಕಣ್ಣಿಗೆ ಬೀಳದಂತೆಯೂ ತಿದ್ದಲಾಗದಂತೆಯೂ ಇರುವುದರಿಂದ ‘ಅಟ್ರಿಬ್’ ಎಂಬ ಆಜ್ಞೆಯಿಂದ ಆ ಕಟ್ಟುಗಳನ್ನು ಸಡಿಲಿಸಿ, ಮೂಲದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಇರಿಸಿ, ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಿಸಿ, ಫಲವನ್ನು ನೋಡಿ, ಮತ್ತೆ ಕಟ್ಟುಗಳನ್ನು ಬಿಗಿಯಬೇಕು.

ವಿಂಡೋಸ್ 95ಕ್ಕೆ 2001ರಲ್ಲಿಯೂ ವಿಂಡೋಸ್ 98ಕ್ಕೆ 2006ರಲ್ಲಿಯೂ ತಯಾರಕರ ಬೆಂಬಲವು ಮುಗಿದಿದೆ. ಆದಕಾರಣ ಇಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದೆ, ಒಳಗಿರುವ ಕಾಗದಪತ್ರಗಳನ್ನು ಹೊರತೆಗೆಯುವಷ್ಟಕ್ಕೆ ಮಾತ್ರ ಎಬ್ಬಿಸುವುದು ಲೇಸು. ಹಿರಿಯರ ಕೈಬರಹವನ್ನು ಗೆದ್ದಲಿಗೆ ಬಿಡದೆ ಕಾಪಾಡುವ ಮನೆಯವರು ಅವರ ಕೀಲಿಮಣೆಯ ಬರಹವನ್ನೂ ಹಾಗೆಯೇ ಕಾಪಾಡುವರೆಂದು ನಂಬಿದ್ದೇವೆ.