ಬೆಳೆ ಕಾಯುವ ಬಂದೂಕಿಗೂ ಬೇಕು ಕಾವಲು

ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಕಲಘಟಗಿ, ಅಳ್ನಾವರ, ಹಳಿಯಾಳ, ಮುಂಡಗೋಡ ಕಡೆಯ ರೈತರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಕಾಡಂಚಿನ ಹೊಲಕ್ಕೆ ಹಂದಿಗಳ ಹಿಂಡು ನುಗ್ಗಿದರೆ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಮಣ್ಣುಪಾಲು. ಅದಕ್ಕಾಗಿಯೇ ಕೆಲವು ಮನೆಗಳಲ್ಲಿ ಲೈಸೆನ್ಸಿನ ಬಂದೂಕು ಉಂಟು. ಅಜ್ಜನ ಕಾಲದ ಕೇಪಿನ ಬಂದೂಕು ಇರಬಹುದು, ಜೋಡು ನಳಿಗೆಯ ತೋಟಾ ಬಂದೂಕು ಇರಬಹುದು. ವರ್ಷದಲ್ಲಿ ನಾಲ್ಕು ಸಲ ಗಾಳಿಯಲ್ಲಿ ಹಾರಿಸಿ, ಉಳಿದ ದಿನ ಗೋಡೆಯ ಮೂಲೆಗೆ ನಿಲ್ಲಿಸಿಬಿಡುತ್ತೇವೆ. ಮೂಲೆಯಲ್ಲಿ ನಿಂತ ಬಂದೂಕನ್ನು ತುಕ್ಕು ಮೆಲ್ಲಗೆ ತಿನ್ನುತ್ತದೆ. ತುಕ್ಕು ತಿಂದು ಗುಳಿ ಬಿದ್ದ ನಳಿಗೆ ಹಂದಿಗಿಂತ ಹೆಚ್ಚಾಗಿ ಹಾರಿಸುವವನಿಗೇ ಅಪಾಯ. ಅದು ಸಿಡಿದರೆ ಕೈಬೆರಳು, ಕಣ್ಣು ಉಳಿಯುವ ಭರವಸೆ ಇಲ್ಲ.

ಆದ್ದರಿಂದ ರೈತ ಬಾಂಧವರೇ, ಬಂದೂಕಿನ ಮೇಲಿನ ಲೇಪ ಅಂದಕ್ಕಾಗಿ ಅಲ್ಲ, ರಕ್ಷಣೆಗಾಗಿ ಎಂಬುದನ್ನು ಮೊದಲು ತಿಳಿಯಿರಿ.

ತುಕ್ಕು ಹಿಡಿಯುವುದು ಏಕೆ?

ಕಬ್ಬಿಣಕ್ಕೆ ಗಾಳಿ ಮತ್ತು ತೇವ ಎರಡೂ ತಾಗಿದರೆ ತುಕ್ಕು. ಗಾಳಿಯ ತೇವಾಂಶ ನೂರಕ್ಕೆ ಅರವತ್ತು-ಎಪ್ಪತ್ತು ದಾಟಿತೆಂದರೆ ತುಕ್ಕಿನ ವೇಗ ಏರುತ್ತದೆ. ನಮ್ಮ ಮುಂಗಾರಿನ ತಿಂಗಳುಗಳೆಲ್ಲ ಇದೇ ಲೆಕ್ಕದವು. ಇದರ ಮೇಲೆ ಉಪ್ಪು ಸೇರಿದರೆ ಕೇಳುವುದೇ ಬೇಡ. ಬೆವರಿನಲ್ಲಿ ಉಪ್ಪಿದೆ. ಸುಟ್ಟ ಕರಿಮದ್ದಿನ ಮಸಿಯಲ್ಲಿಯೂ, ಕೆಲವು ಹಳೆಯ ಬಗೆಯ ಕೇಪುಗಳ ಹೊಗೆಯಲ್ಲಿಯೂ ತೇವ ಎಳೆಯುವ ಲವಣಗಳಿವೆ. ಸಂಜೆ ಹಾರಿಸಿ ಹಾಗೆಯೇ ಇಟ್ಟ ಕೇಪಿನ ಬಂದೂಕಿನ ಒಳಭಾಗ ಮಳೆಗಾಲದಲ್ಲಿ ಮರುದಿನವೇ ಕೆಂಪಾಗುವುದು ಇದರಿಂದ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 2015ರಿಂದ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ತುಕ್ಕಿನ ಪಾಠವನ್ನು ಅವರೇ ಹೇಳುತ್ತಾರೆ. ಆ ಪಾಠ ನಿಮ್ಮ ರಂಟೆ, ಕುಂಟೆ, ಕೂರಿಗೆಯ ತಾಳುಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಕಪ್ಪು ಬಣ್ಣ, ಬಣ್ಣವಲ್ಲ!

ಹೊಸ ನಳಿಗೆಯ ಮೇಲಿನ ನೀಲಿ ಮಿಶ್ರಿತ ಕಪ್ಪನ್ನು ಹಲವರು ಬಣ್ಣವೆಂದೇ ತಿಳಿದಿದ್ದಾರೆ. ಅದು ಬಣ್ಣವಲ್ಲ, ಪಳಗಿಸಿದ ತುಕ್ಕು. ಕೆಂಪು ತುಕ್ಕು ಸಡಿಲ. ಉದುರುತ್ತ ಒಳಗೊಳಗೆ ತಿನ್ನುತ್ತ ಹೋಗುತ್ತದೆ. ಕಬ್ಬಿಣದ ಇನ್ನೊಂದು ಆಕ್ಸೈಡು ಕಪ್ಪು. ಅದು ಲೋಹಕ್ಕೆ ಅಂಟಿ ನಿಲ್ಲುತ್ತದೆ. ಹಳೆಯ ಕಸಬುದಾರರು ನಳಿಗೆಯನ್ನು ಉಜ್ಜಿ, ದ್ರಾವಣ ಸವರಿ, ಬೇಕೆಂದೇ ತೆಳುವಾಗಿ ತುಕ್ಕು ಬರಿಸುತ್ತಿದ್ದರು. ನಂತರ ಅದನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಸಡಿಲವಾದುದನ್ನು ನಯವಾದ ತಂತಿ ಕುಂಚದಿಂದ ಉಜ್ಜಿ ತೆಗೆದು, ಇದನ್ನೇ ಹಲವು ಸಲ ಮಾಡಿದಾಗ ಆಳವಾದ ಕಪ್ಪು ಕೂಡುತ್ತದೆ. ಕುದಿಸದೆ ಬಿಟ್ಟರೆ ಕಂದು ಬಣ್ಣ. ಅದಕ್ಕಿಂತ ಹಳೆಯ ಕಾಲದ ಬಂದೂಕುಗಳಲ್ಲಿ ಕಾಣುವುದು ಆ ಕಂದೇ.

ಕಾರ್ಖಾನೆಗಳಲ್ಲಿ ಈಗ ಬೇರೆ ದಾರಿ ಇದೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ಕೆಲಸ ಬೇಗ ಆಗುತ್ತದೆ. ಆದರೆ ಈ ತೊಟ್ಟಿಗೆ ತಣ್ಣೀರು ಬಿದ್ದರೆ ಸಿಡಿದು ಮೈ ಸುಡುತ್ತದೆ. ಮನೆಯಲ್ಲಿ, ಕುಲುಮೆಯಲ್ಲಿ ಮಾಡುವ ಕೆಲಸ ಇದಲ್ಲ.

ಎರಡೂ ಬಗೆಯ ಕಪ್ಪು ತೆಳ್ಳಗಿನ ಪೊರೆ ಮಾತ್ರ. ಮೇಲೆ ಎಣ್ಣೆ ಇದ್ದರೇ ಅದಕ್ಕೆ ಬಲ. ಕಪ್ಪು ಇದೆಯೆಂದು ಎಣ್ಣೆ ಬಿಟ್ಟರೆ ತುಕ್ಕು ತಪ್ಪದು.

ಇನ್ನುಳಿದ ಲೇಪಗಳು

ಫಾಸ್ಫೇಟ್ ಲೇಪ: ಥಾಮಸ್ ಕಾಸ್ಲೆಟ್ ಎಂಬ ಇಂಗ್ಲಿಷಿನವನು 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಬಂದೂಕುಗಳಿಗೆ ಇದನ್ನು ಹೇರಳವಾಗಿ ಬಳಸಿದರು. ನೋಡಲು ಬೂದು, ಹೊಳಪಿಲ್ಲ. ಆದರೆ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಸೈಕಲ್ಲು, ಉಕ್ಕಿನ ಕಪಾಟುಗಳ ಬಣ್ಣದ ಕೆಳಗೆ ಹಾಕುವುದೂ ಇದೇ ಜಾತಿಯ ಲೇಪ.

ಸೆರಾಮಿಕ್ ಬೆರೆತ ಲೇಪ: ಈಚಿನ ವರ್ಷಗಳಲ್ಲಿ ಪ್ರಚಾರಕ್ಕೆ ಬಂದಿರುವ ಅಮೆರಿಕದ ಸೆರಾಕೋಟ್ ಈ ಬಗೆಯದು. ಮರಳು ಸಿಂಪಡಿಸಿ ಲೋಹವನ್ನು ಒರಟು ಮಾಡಿ, ಲೇಪವನ್ನು ಸ್ಪ್ರೇ ಮಾಡಿ, ಸುಮಾರು 120 ಡಿಗ್ರಿ ಶಾಖದ ಒಲೆಯಲ್ಲಿ ಎರಡು ತಾಸು ಬೇಯಿಸುತ್ತಾರೆ. ನೀರು, ಬೆವರು, ಉಪ್ಪಿಗೆ ಗಟ್ಟಿ. ಬೇಕಾದ ಬಣ್ಣದಲ್ಲಿಯೂ ಸಿಗುತ್ತದೆ. ಆದರೆ ಮಕ್ಕಳಿರುವ ಮನೆಯಲ್ಲಿ ಆಟಿಗೆಯಂತೆ ಕಾಣುವ ಬಣ್ಣದ ಬಂದೂಕು ಬೇಡವೇ ಬೇಡ.

ಹಚ್ಚುವ ತಣ್ಣನೆಯ ಕಪ್ಪು: ಸಣ್ಣ ಸೀಸೆಯಲ್ಲಿ ಬರುವ ಈ ದ್ರಾವಣದಲ್ಲಿ ಸಾಮಾನ್ಯವಾಗಿ ಸೆಲೆನಿಯಂ, ತಾಮ್ರದ ಲವಣಗಳಿರುತ್ತವೆ. ಅದು ವಿಷ. ಗೀರು ಮುಚ್ಚಲು ಸಾಕು, ಪೂರ್ತಿ ನಳಿಗೆಗೆ ಬಾಳಿಕೆ ಬಾರದು.

ಎನಾಮೆಲ್ ಪೇಂಟ್: ಎತ್ತಿನ ಗಾಡಿಗೆ ತಂದು ಉಳಿದ ಪೇಂಟನ್ನು ಬಂದೂಕಿಗೆ ಬಳಿಯುವವರಿದ್ದಾರೆ. ತುಕ್ಕಿನ ಮೇಲೆ ಬಳಿದರೆ ತುಕ್ಕು ಸಾಯುವುದಿಲ್ಲ, ಮರೆಯಲ್ಲಿ ಬೆಳೆಯುತ್ತದೆ. ತೋಟಾ ಕೂರುವ ಗೂಡಿನೊಳಗೆ ಹೋದರೆ ತೋಟಾ ಸಿಕ್ಕಿಕೊಳ್ಳುತ್ತದೆ.

ಯಾವ ಬಂದೂಕಿಗೆ ಯಾವುದು?

ಇಲ್ಲಿ ಎಚ್ಚರ ಬೇಕು. ಹಳೆಯ ಜೋಡು ನಳಿಗೆಗಳನ್ನು ಹಾಗೂ ನಡುವಿನ ಪಟ್ಟಿಯನ್ನು ಸಾಮಾನ್ಯವಾಗಿ ತವರ-ಸೀಸದ ಬೆಸುಗೆಯಿಂದ ಕೂಡಿಸಿರುತ್ತಾರೆ. ಬಿಸಿ ಕಾಸ್ಟಿಕ್ ತೊಟ್ಟಿ ಆ ಬೆಸುಗೆಯನ್ನು ತಿಂದುಬಿಡುತ್ತದೆ, ಪಟ್ಟಿ ಕಳಚುತ್ತದೆ. ಅಂಥವಕ್ಕೆ ನೀರಿನಲ್ಲಿ ಕುದಿಸುವ ಹಳೆಯ ಕ್ರಮವೇ ಸರಿ. ಅಲ್ಯೂಮಿನಿಯಂ ಭಾಗಗಳನ್ನೂ ಕಾಸ್ಟಿಕ್ ಕರಗಿಸುತ್ತದೆ.

ನಳಿಗೆಯ ಮೇಲೆ ಮರದ ಎಳೆಯಂತೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆ. ಒಳಗಿನ ಬೆಸುಗೆಯಲ್ಲಿ ತುಕ್ಕು ಅಡಗಿರಬಹುದು. ಲೇಪ ಎಷ್ಟು ಚೆಂದ ಮಾಡಿಸಿದರೂ ಅದರಲ್ಲಿ ಈಗಿನ ತೋಟಾ ಹಾರಿಸಬೇಡಿ. ಮನೆಯ ನೆನಪಾಗಿ ಇಟ್ಟುಕೊಳ್ಳಿ.

ನಂಬರು ಅಳಿಸಿದರೆ ಅಪರಾಧ

ಲೇಪದ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಕುತ್ತು ಇದು. ಹೊಸ ಲೇಪಕ್ಕೆ ಮುಂಚೆ ಹಳೆಯದನ್ನು ಉಜ್ಜಬೇಕು. ಎಮರಿ ಗಾಲಿಗೆ ಹಿಡಿದು ಗಡಸಾಗಿ ಉಜ್ಜಿದರೆ ಬಂದೂಕಿನ ನಂಬರು ಸವೆದು ಹೋಗುತ್ತದೆ. 1959ರ ಆಯುಧ ಕಾಯದೆಯ 8ನೆಯ ಕಲಮಿನಂತೆ ನಂಬರು, ಗುರುತು ಅಳಿಸುವುದು ಜೈಲುಶಿಕ್ಷೆಯ ಅಪರಾಧ. ನಂಬರಿಲ್ಲದ ಬಂದೂಕು ನಿಮ್ಮಲ್ಲಿ ಸಿಕ್ಕರೆ, ಅಳಿಸಿದವರು ನೀವೇ ಎಂದು ಕಾಯದೆ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ದಪ್ಪ ಲೇಪದಡಿ ನಂಬರು ಮುಚ್ಚಿಹೋಗಲೂ ಬಿಡಬೇಡಿ. ಕೊಡುವ ಮುಂಚೆ ನಂಬರನ್ನು ಲೈಸೆನ್ಸಿನೊಂದಿಗೆ ತಾಳೆ ನೋಡಿ, ಫೋಟೋ ತೆಗೆದಿಡಿ. ಮರಳಿ ಪಡೆಯುವಾಗ ಮತ್ತೊಮ್ಮೆ ನೋಡಿ.

ತುಕ್ಕು ತಿಂದ ಬಾಯಿಯ ತುದಿಯನ್ನು ಕೊಯ್ಸಿದರಾಯಿತು ಎನ್ನಬೇಡಿ. ಅನುಮತಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು 6ನೆಯ ಕಲಮಿನಂತೆ ನಿಷಿದ್ಧ. ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಊರ ಕಮ್ಮಾರನಿಗೋ, ಗೋಕುಲ ರೋಡಿನ ಯಾವುದೋ ಪೇಂಟಿಂಗ್ ಶೆಡ್ಡಿಗೋ ಕೊಟ್ಟುಬರುವಂತಿಲ್ಲ. ನೀವೇ ಹೋಗಲಾಗದಿದ್ದರೆ, ರಿಪೇರಿಗೆ ಒಯ್ಯುವ ಮಗನ ಕೈಯಲ್ಲಿ ನಿಮ್ಮ ಸಹಿಯ ಒಪ್ಪಿಗೆ ಪತ್ರ ಇರಲೇಬೇಕು.

ಮನೆಯಲ್ಲಿ ಮಾಡುವ ಆರೈಕೆ

ಮೊದಲು ಬಂದೂಕು ಖಾಲಿ ಇದೆಯೇ ನೋಡಿ. ತೋಟಾ ಬಂದೂಕನ್ನು ಮುರಿದು ನೋಡಿದರೆ ಸಾಕು. ಕೇಪಿನ ಬಂದೂಕಿಗೆ ಗಜವನ್ನು ಬಾಯಿಂದ ಬುಡದವರೆಗೆ ಇಳಿಬಿಟ್ಟು ಗುರುತು ಮಾಡಿ, ಹೊರಗಿನಿಂದ ಅಳೆಯಿರಿ. ಗಜ ಬುಡ ಮುಟ್ಟದಿದ್ದರೆ ಒಳಗೆ ಮದ್ದು ಇರಬಹುದು, ಕಣಜ ಕಟ್ಟಿದ ಮಣ್ಣಿನ ಗೂಡೂ ಇರಬಹುದು. ಯಾವುದಿದ್ದರೂ ಕೆದಕದೆ ಲೈಸೆನ್ಸ್ ಇರುವ ಕಸಬುದಾರನಿಗೆ ತೋರಿಸಿ.

ಕರಿಮದ್ದು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆಯಿರಿ. ನೀರೆಂದರೆ ಹೆದರಬೇಡಿ. ಲವಣ ಕರಗುವುದು ನೀರಿನಲ್ಲಿ, ಸೀಮೆಎಣ್ಣೆಯಲ್ಲಿ ಅಲ್ಲ. ಬಿಸಿನೀರಿಗೆ ನಳಿಗೆಯೂ ಬಿಸಿಯಾಗಿ ಬೇಗ ಒಣಗುತ್ತದೆ. ಒಣ ಬಟ್ಟೆ ಎಳೆದು, ಕೂಡಲೇ ಎಣ್ಣೆಯ ಬಟ್ಟೆ ಎಳೆಯಿರಿ.

ಎಣ್ಣೆ ಯಾವುದು? ಹೊಲಿಗೆ ಯಂತ್ರದ ತೆಳು ಎಣ್ಣೆ ದಿನಬಳಕೆಗೆ ಒಳ್ಳೆಯದು. ತಿಂಗಳುಗಟ್ಟಲೆ ಇಡುವುದಾದರೆ ತೆಳುವಾಗಿ ಗ್ರೀಸ್ ಸವರಿ; ಹಾರಿಸುವ ಮುಂಚೆ ಒಳಗಿನದನ್ನು ಒರೆಸಿ ತೆಗೆಯಿರಿ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಕಾಲಾಂತರದಲ್ಲಿ ಅಂಟಾಗಿ ಚಾಪು ಸಿಕ್ಕಿಸುತ್ತವೆ. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯುತ್ತದೆ, ಆದರೆ ಆರಿಹೋಗುತ್ತದೆ.

ಮರದ ಹಿಡಿಗೆ ಮಾತ್ರ ನಮ್ಮ ಅಗಸೆ ಎಣ್ಣೆಗಿಂತ ಮಿಗಿಲಿಲ್ಲ. ಗಾಳಿಗೆ ಒಣಗಿ ತೆಳ್ಳಗಿನ ಪೊರೆಯಾಗುತ್ತದೆ. ಅಂಗೈಯಿಂದ ಸ್ವಲ್ಪವೇ ತಿಕ್ಕಿ, ಒಣಗಿದ ಮೇಲೆ ಮತ್ತೊಂದು ಸಲ ತಿಕ್ಕಿ. ಗುದ್ದಲಿ, ಕೊಡಲಿಯ ಕಾವಿಗೂ ಇದೇ ಉಪಚಾರ. ಅಗಸೆ ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯಬೇಡಿ; ತಾನಾಗಿ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಗೋಣಿಚೀಲ, ಚರ್ಮದ ಚೀಲ ಎರಡೂ ತೇವ ಹಿಡಿಯುತ್ತವೆ. ಒಯ್ಯಲು ಮಾತ್ರ ಚೀಲ ಸಾಕು. ಮನೆಯಲ್ಲಿ ಬೀಗವಿರುವ ಒಣ ಕಪಾಟಿನಲ್ಲಿ ಖಾಲಿ ಇಡಿ. ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿಡಿ. ಮಕ್ಕಳ ಓದಿಗಾಗಿ ವಿದ್ಯಾನಗರದಂಥ ಬಡಾವಣೆಯಲ್ಲಿ ಮನೆ ಮಾಡಿದವರು, ಹಳ್ಳಿಯ ಬೀಗ ಹಾಕಿದ ಮನೆಯಲ್ಲಿ ಬಂದೂಕು ಬಿಟ್ಟುಬರಬೇಡಿ. ವಾಸ ಬದಲಾದುದನ್ನು ಲೈಸೆನ್ಸ್ ಕೊಟ್ಟ ಅಧಿಕಾರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯಿರಿ.

ಪೂಜೆಯ ಮಾರನೆಯ ದಿನ

ಖಂಡೇನವಮಿಯಂದು ಆಯುಧಗಳಿಗೆ ಪೂಜೆ ನಮ್ಮ ಪದ್ಧತಿ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೊಳೆದು, ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಅಲ್ಲಿನವರಿಗೆ 1861ರಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ನಮಗೆ ಆ ವಿನಾಯಿತಿ ಇಲ್ಲ. ಆದರೆ ಮಳೆ ಇಳಿದೊಡನೆ ಕೋವಿ ತೊಳೆಯುವ ಅವರ ರೂಢಿಯನ್ನು ಕಲಿಯಬಹುದು. ಪೂಜೆ ಮುಗಿದ ಮೇಲೆ ಕುಂಕುಮ, ವಿಭೂತಿ, ತೆಂಗಿನ ನೀರನ್ನು ಒರೆಸಿಬಿಡಿ. ನಿಂಬೆರಸ ಬಿದ್ದ ಕಡೆ ಕಪ್ಪು ಲೇಪ ಎದ್ದು ಹೋಗುತ್ತದೆ. ಒರೆಸಿ ಎಣ್ಣೆ ಹಚ್ಚುವುದೂ ಪೂಜೆಯ ಒಂದು ಭಾಗವೇ.

ಠಾಣೆಯಲ್ಲಿ ಇಡುವಾಗ

ಚುನಾವಣೆ ಬಂದಾಗ ಬಂದೂಕು ಜಮಾ ಮಾಡಲು ಆದೇಶ ಬರುವುದುಂಟು. 2023ರ ವಿಧಾನಸಭೆ ಚುನಾವಣೆಯ ಮತದಾನ ಮೇ 10ರಂದು, 2024ರ ಲೋಕಸಭೆಗೆ ಧಾರವಾಡ ಕ್ಷೇತ್ರದ ಮತದಾನ ಮೇ 7ರಂದು ನಡೆಯಿತು. ಎರಡೂ ಮುಂಗಾರಿನ ಹೊಸ್ತಿಲಲ್ಲೇ. ಎಣ್ಣೆ ಕಾಣದೆ ವಾರಗಟ್ಟಲೆ ನಿಂತ ಬಂದೂಕು ತುಕ್ಕು ಹಿಡಿದೇ ಮನೆಗೆ ಬರುತ್ತದೆ. ಕೊಡುವ ಹಿಂದಿನ ದಿನ ಒಳಗೂ ಹೊರಗೂ ಗ್ರೀಸ್ ಸವರಿ, ಎಣ್ಣೆ ಕಾಗದ ಸುತ್ತಿ. ರಸೀದಿಯಲ್ಲಿ ನಂಬರಿನ ಜೊತೆಗೆ ಬಂದೂಕಿನ ಸ್ಥಿತಿಯನ್ನೂ ಬರೆಯಿಸಿ. ಬಿಡಿಸಿಕೊಂಡ ದಿನವೇ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ.

ಇಷ್ಟನ್ನು ಮರೆಯಬೇಡಿ

1. ಹಾರಿಸಿದ ದಿನವೇ ಶುದ್ಧಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆ.
2. ನಳಿಗೆಯೊಳಗೆ ಗುಳಿ ಕಂಡರೆ ಹಾರಿಸಬೇಡಿ. ಲೇಪ ಗುಳಿಯನ್ನು ಮುಚ್ಚುತ್ತದೆ, ಬಲ ಕೊಡುವುದಿಲ್ಲ.
3. ಲೇಪಕ್ಕೆ ಮುಂಚೆ ಮತ್ತು ನಂತರ ನಂಬರು ತಾಳೆ ನೋಡಿ.
4. ಲೈಸೆನ್ಸ್ ಇರುವವರಲ್ಲೇ ಕೆಲಸ ಮಾಡಿಸಿ, ರಸೀದಿ ಪಡೆಯಿರಿ.
5. ಬಂದೂಕು ಬೆದರಿಸಲು. 1972ರ ವನ್ಯಜೀವಿ ಕಾಯದೆಯಂತೆ ಹಂದಿಯನ್ನೂ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ.

ಬಿತ್ತನೆಗೆ ಮುಂಚೆ ಕೂರಿಗೆ ಸರಿ ನೋಡುವ ದಿನವೇ ಬಂದೂಕನ್ನೂ ಇಳಿಸಿ ನೋಡಿ. ಅರ್ಧ ತಾಸಿನ ಕೆಲಸ, ಒಂದು ಚಮಚ ಎಣ್ಣೆ. ಅಷ್ಟರಲ್ಲಿ ಬೆಳೆಯೂ ಉಳಿದೀತು, ಕೈಯೂ ಉಳಿದೀತು.