ಹೊಡೆದಾಟವೋ, ಹೊಡೆತವೋ?

ಶರಾವತಿಯ ಕುರ್ವೆಗಳಲ್ಲಿ, ಅಂದರೆ ನದಿಯ ನಡುಗಡ್ಡೆಗಳಲ್ಲಿ, ಒಂದಾದ ಮಾವಿನಕುರ್ವೆಯಲ್ಲಿ ‘ನಿನ್ನೆ ರಾತ್ರಿ ಸುಧನ್ವ ಕಾಳಗ’ ಎಂದರೆ ಅದು ಯಕ್ಷಗಾನ; ಜನ ಕೇಳುವುದು ಭಾಗವತರು ಯಾರು, ಅರ್ಜುನ ಯಾರದು ಎಂದು. ‘ನಿನ್ನೆ ರಾತ್ರಿ ಹೊಡೆದಾಟ’ ಎಂದರೆ ಕೇಳುವುದೇ ಬೇರೆ: ಶುರು ಮಾಡಿದ್ದು ಯಾರು? ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಈ ಹೊನ್ನಾವರ ಸೀಮೆಯಲ್ಲಿ ಕಾಳಗಕ್ಕೊಂದು ಕ್ರಮವಿದೆ. ಎದುರಾಳಿಗಳು ತಾವು ಯಾರೆಂದು ಹೇಳಿಕೊಳ್ಳಬೇಕು, ವಾದಿಸಬೇಕು, ಮಾತು ಸೋತ ಮೇಲೆ ಚೆಂಡೆ ಏರಬೇಕು. ಹೊಡೆದಾಟಕ್ಕೆ ಆ ಉಪಚಾರವಿಲ್ಲ. ಆದರೆ ಎರಡರಲ್ಲೂ ಕೈ ಎತ್ತುವವರು ಎರಡೂ ಕಡೆಯವರು. ಒಬ್ಬ ಹೊಡೆದು ಇನ್ನೊಬ್ಬ ಸುಮ್ಮನೆ ತಿಂದರೆ ಅದು ಹೊಡೆತ, ಹಲ್ಲೆ; ಹೊಡೆದಾಟ ಅಲ್ಲ.

ಈ ಗೆರೆಯನ್ನು ನಾವು ಸಲೀಸಾಗಿ ಅಳಿಸುತ್ತೇವೆ. ನಾಲ್ವರು ಸೇರಿ ಒಬ್ಬನನ್ನು ಥಳಿಸಿದ ಸುದ್ದಿಗೂ ‘ಹೊಡೆದಾಟ’ ಎಂಬ ತಲೆಬರಹ ಬೀಳುತ್ತದೆ. ಓದುಗನ ಮನಸ್ಸಿನಲ್ಲಿ ತಪ್ಪು ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತದೆ. ಹಾಗೆ ಹಂಚುವುದು ‘ಆಟ’ ಎಂಬ ಬಾಲ. ಗುದ್ದಾಟ, ಬಡಿದಾಟ, ಕಾದಾಟ, ಕಚ್ಚಾಟಗಳಲ್ಲಿ ಅದು ಪರಸ್ಪರತೆಯನ್ನು ಹೇಳುತ್ತದೆ. ಓಡಾಟ, ನರಳಾಟ, ಹುಡುಕಾಟಗಳಲ್ಲಿ ಪರಸ್ಪರತೆ ಎಲ್ಲಿದೆ, ಒಂದೇ ಕಡೆಯಿಂದ ನಡೆದರೂ ‘ಕಲ್ಲು ತೂರಾಟ’ ಎನ್ನುವುದಿಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಅಲ್ಲೆಲ್ಲ ಅದು ಮತ್ತೆಮತ್ತೆ ನಡೆಯುವ ಕ್ರಿಯೆಯನ್ನಷ್ಟೇ ಸೂಚಿಸುತ್ತದೆ. ತೂರುವುದು ಕಲ್ಲನ್ನು, ಮನುಷ್ಯನನ್ನಲ್ಲ. ಮನುಷ್ಯನ ಮೈಮೇಲೆ ಬೀಳುವ ಪೆಟ್ಟಿನ ಕ್ರಿಯಾಪದಕ್ಕೆ ಈ ಬಾಲ ಹತ್ತಿದಾಗ ಮಾತ್ರ ಕಿವಿಗೆ ಇಬ್ಬರು ಕೇಳಿಸುತ್ತಾರೆ. ‘ಅಪ್ಪ ಮಗುವಿನ ಜೊತೆ ಹೊಡೆದಾಡಿದ’ ಎಂದು ಯಾರೂ ಅನ್ನುವುದಿಲ್ಲ.

ಪೆಟ್ಟು ಬಿದ್ದದ್ದು ಬಿದ್ದದ್ದೇ, ಪದದಿಂದ ಏನಾಗಬೇಕು ಎನ್ನುವವರಿಗೆ ಕಾನೂನಿನಲ್ಲೇ ಉತ್ತರವಿದೆ. ಸಾರ್ವಜನಿಕ ಸ್ಥಳದಲ್ಲಿ ಇಬ್ಬರು ಅಥವಾ ಹೆಚ್ಚು ಜನ ಹೊಡೆದಾಡಿ ಶಾಂತಿ ಕೆಡಿಸುವುದು ಹಳೆಯ ದಂಡ ಸಂಹಿತೆಯ 159ನೇ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 194ನೇ ಕಲಮು. ಗರಿಷ್ಠ ಶಿಕ್ಷೆ ಒಂದು ತಿಂಗಳ ಸೆರೆ, ಸಾವಿರ ರೂಪಾಯಿ ದಂಡ. ಒಬ್ಬನೇ ಹೊಡೆದು ಇನ್ನೊಬ್ಬ ತಿರುಗಿ ಕೈ ಎತ್ತದಿದ್ದರೆ ಈ ಕಲಮು ಅನ್ವಯಿಸದು. ಗಾಯಪಡಿಸಿದ್ದಕ್ಕೆ ಬೇರೆ, ಹೆಚ್ಚು ಕಠಿಣವಾದ ಕಲಮುಗಳಿವೆ. ಅಂದರೆ ‘ಹೊಡೆದಾಟ’ ಎಂದು ಬರೆಸಿಕೊಂಡವನು ಪೆಟ್ಟು ತಿಂದೂ ಆರೋಪಿಯಾಗುವ ದಾರಿ ತೆರೆಯುತ್ತದೆ. ಠಾಣೆಗಳಲ್ಲಿ ದೂರಿನ ಹಿಂದೆಯೇ ಪ್ರತಿದೂರು ಬರುವುದು ಸುಮ್ಮನೆ ಅಲ್ಲ.

ಹಳಗನ್ನಡದ ವೀರಗಲ್ಲುಗಳು ಈ ವಿಷಯದಲ್ಲಿ ನಮಗಿಂತ ಖಡಕ್ಕು. ದನ ಹಿಡಿದೊಯ್ಯಲು ಬಂದವರೊಡನೆ ಕಾದಿ ಸತ್ತರೆ ಅಲ್ಲಿ ಬರುವ ಮಾತು ತುರುಗೊಳ್, ಹೆಂಗಸರ ಮಾನ ಕಾಯಲು ಸತ್ತರೆ ಪೆಣ್ಬುಯಲ್, ಊರು ನಾಶವಾಗುವಾಗ ಸತ್ತರೆ ಊರಳಿವು. ಪದದೊಳಗೇ ಕಾರಣ ಇದೆ. ಮೇಲೆ ಬಿದ್ದವರು ಯಾರು, ತಡೆದವರು ಯಾರು ಎಂಬುದು ಕಲಸಿಹೋಗುವುದಿಲ್ಲ. ಇಬ್ಬರೂ ಒಪ್ಪಿ ಎದುರು ನಿಲ್ಲುವುದಕ್ಕೆ ಬೇರೆ ಮಾತಿತ್ತು, ಅಂಕ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಆಯುಧ ಹಿಡಿದ ದ್ವಂದ್ವವನ್ನು ಅಂಕವಿನೋದವೆಂದೂ ಕುಸ್ತಿಯನ್ನು ಮಲ್ಲವಿನೋದವೆಂದೂ ಬೇರೆಬೇರೆ ವಿವರಿಸುತ್ತಾನೆ, ಕೋಳಿ, ಟಗರುಗಳ ಕಾಳಗಕ್ಕೂ ಅಲ್ಲಿ ಜಾಗವಿದೆ. ಅಂಕ ಇಂದು ಕರಾವಳಿಯಲ್ಲಿ ಉಳಿದಿರುವುದು ‘ಕೋಳಿ ಅಂಕ’ದಲ್ಲಿ. ಕೋಳಿಗಳ ಒಪ್ಪಿಗೆಯನ್ನಂತೂ ಯಾರೂ ಕೇಳಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೊಣೆ ಹೊರಿಸುವುದು ಮನರಂಜನೆಗಾಗಿ ಅವುಗಳನ್ನು ಕಾದಾಟಕ್ಕೆ ಬಿಟ್ಟ ಮನುಷ್ಯನ ಮೇಲೆ.